ಕಾಲ್ನಡೆಯವರಿಗೊಂದು ದಾರಿ

ಮನುಷ್ಯನು ನಡೆಯಲು ಕಲಿತು ಎಷ್ಟೋ ಸಾವಿರ ವರ್ಷಗಳಾದವು. ಮೋಟಾರನ್ನೇರಲು ಕಲಿತದ್ದು ಮೊನ್ನೆ ಮೊನ್ನೆ. ಆದರೆ ಇಂದಿನ ನಮ್ಮ ರಸ್ತೆಗಳನ್ನು ನೋಡಿದವರಿಗೆ, ನಡೆಯುವವನೇ ಎಲ್ಲಿಂದಲೋ ಹೊಸದಾಗಿ ಬಂದ ಪರದೇಶಿಯೆಂದು ತೋರಿದರೆ ಆಶ್ಚರ್ಯವಿಲ್ಲ. ವಾಹನಗಳಿಗೆ ಪಥಗಳುಂಟು, ಮಳೆಯ ನೀರಿಗೆ ಗಟಾರವುಂಟು, ವಿದ್ಯುತ್ತಿಗೆ ಕಂಬಗಳ ಸಾಲು ಉಂಟು. ಕಾಲ್ನಡೆಯವನಿಗೆ ಏನುಂಟು? ಇವೆಲ್ಲ ತಮ್ಮ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಉಳಿದದ್ದು. ಆ ಉಳಿದದ್ದರ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದು ನನ್ನ ಇಚ್ಛೆ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಕಲಾ ವಿಭಾಗದ ವಿದ್ಯಾರ್ಥಿಗೆ ಸಿಮೆಂಟಿನ ಗೊಡವೆ ಏಕೆಂದು ಕೆಲವು ಮಿತ್ರರು ನಗಬಹುದು. ನಗಲಿ. ನನ್ನ ಸೋದರಮಾವ ಗೌಂಡಿ ಕೆಲಸದವರು. ಮೂರು ಬೇಸಿಗೆಯ ರಜೆಗಳಲ್ಲಿ ನಾನು ಅವರ ಹಿಂದೆ ಬುಟ್ಟಿ ಹೊತ್ತಿದ್ದೇನೆ, ಜಲ್ಲಿ ತೊಳೆದಿದ್ದೇನೆ, ಹಾಕಿದ ಕಾಂಕ್ರೀಟಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದ್ದೇನೆ. ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಕೊಡದ ಭಾರ ನನಗೆ ಚೆನ್ನಾಗಿ ನೆನಪಿದೆ.

ನನ್ನ ಊರು ಹಳದೀಪುರ. ಹೊನ್ನಾವರದಿಂದ ಕುಮಟೆಗೆ ಹೋಗುವ ಹೆದ್ದಾರಿಯ ಮೇಲಿದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡ, ನಡುವೆ ಗದ್ದೆಗಳು, ತೋಟಗಳು, ಮನೆಗಳು. ಈ ಹೆದ್ದಾರಿಯನ್ನು ಹಿಂದೆ 17 ಎನ್ನುತ್ತಿದ್ದರು; ಈಗ ಅದರ ಸಂಖ್ಯೆ 66. ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಓಡುವ ಈ ದಾರಿಯ ಲೆಕ್ಕದಲ್ಲಿ ನಮ್ಮ ಊರು ಕೆಲವು ನಿಮಿಷಗಳ ಮಾತು. ಊರಿನ ಲೆಕ್ಕದಲ್ಲಿ ಹೆದ್ದಾರಿಯು ಪ್ರತಿದಿನದ ಮಾತು. ಶಾಲೆಗೆ ಹೋಗುವ ಮಗು, ಪಡಿತರ ತರಲು ಹೊರಟ ಮುದುಕ, ಮೀನಿನ ಬುಟ್ಟಿ ಹೊತ್ತ ಹೆಂಗಸು, ಬಸ್ಸಿಗೆ ಕಾಯುವ ನಮ್ಮಂಥ ವಿದ್ಯಾರ್ಥಿಗಳು, ಎಲ್ಲರೂ ಅದರ ಅಂಚನ್ನು ಹಿಡಿದೇ ನಡೆಯಬೇಕು. ಬೇಸಿಗೆಯಲ್ಲಿ ಆ ಅಂಚು ಧೂಳು, ಮಳೆಗಾಲದಲ್ಲಿ ಕೆಸರು. ಕೆಸರನ್ನು ತಪ್ಪಿಸಲು ಡಾಂಬರಿನ ಮೇಲೆ ಕಾಲಿಟ್ಟರೆ ಬೆನ್ನ ಹಿಂದೆ ಲಾರಿಯ ಹಾರನ್ನು.

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಒಳ್ಳೆಯದೇ ಆಯಿತು. ಆದರೆ ಬಸ್ಸಿನೊಳಗಿನ ದಾರಿ ಉಚಿತವಾದರೆ ಸಾಲದು. ಮನೆಯ ಬಾಗಿಲಿನಿಂದ ಬಸ್ಸಿನ ಬಾಗಿಲಿನವರೆಗಿನ ದಾರಿ ಸುರಕ್ಷಿತವಾಗಿರಬೇಡವೇ? ಪ್ರತಿಯೊಂದು ಬಸ್ ಪ್ರಯಾಣವೂ ಕಾಲ್ನಡೆಯಿಂದ ಆರಂಭವಾಗಿ ಕಾಲ್ನಡೆಯಲ್ಲೇ ಮುಗಿಯುತ್ತದೆಂಬುದನ್ನು ಯೋಜನೆ ಮಾಡುವವರು ಏಕೆ ಮರೆಯುತ್ತಾರೋ ತಿಳಿಯದು.

ಇದು ಬರಿಯ ಅನುಕೂಲದ ಪ್ರಶ್ನೆಯೂ ಅಲ್ಲ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ಪ್ರಕಟಿಸಿದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳ ಮೇಲೆ 1,68,491 ಜನ ಸತ್ತರು. ಅವರಲ್ಲಿ 32,825 ಜನ ಕಾಲ್ನಡೆಯವರು. ಎಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಇವರು ವೇಗವಾಗಿ ಹೋದವರಲ್ಲ, ಯಾರನ್ನೂ ಹಿಂದಿಕ್ಕಲು ಹೋದವರಲ್ಲ. ನಡೆದದ್ದಷ್ಟೇ ಇವರ ಅಪರಾಧ.

ಇನ್ನೊಂದು ಬಗೆಯ ಅಪಘಾತವುಂಟು. ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಎರಡು ವರ್ಷಗಳ ಹಿಂದೆ, ಶ್ರಾವಣದ ಒಂದು ಸಂಜೆ, ನನ್ನ ಅಜ್ಜಿ ಪೇಟೆಯಿಂದ ಹಿಂತಿರುಗುತ್ತಿದ್ದರು. ಗಟಾರದ ಮೇಲೆ ಮುಚ್ಚಿದ ಕಾಂಕ್ರೀಟು ಸ್ಲ್ಯಾಬುಗಳೇ ಅಲ್ಲಿ ಕಾಲುದಾರಿ. ಸ್ಲ್ಯಾಬನ್ನು ಎತ್ತಲೆಂದು ಅದರಲ್ಲಿ ಕಬ್ಬಿಣದ ಕೊಕ್ಕೆಯನ್ನು ಕೂಡಿಸಿರುತ್ತಾರೆ. ಆ ಕೊಕ್ಕೆ ಮೇಲಕ್ಕೆ ತಲೆಯೆತ್ತಿ ನಿಂತಿತ್ತು. ಅಜ್ಜಿಯ ಕಾಲು ಅದಕ್ಕೆ ಸಿಕ್ಕಿತು, ಬಿದ್ದರು, ಸೊಂಟದ ಮೂಳೆ ಮುರಿಯಿತು. ಯಾವ ವಾಹನವೂ ಹತ್ತಿರ ಇರಲಿಲ್ಲ. ಆದ್ದರಿಂದ ಇದು ರಸ್ತೆಯ ಅಪಘಾತವಲ್ಲ! ಮೊದಲು ಬೆಳಗಿನ ಜಾವ ಎದ್ದು ಊರೆಲ್ಲ ಸುತ್ತಿ ಬರುತ್ತಿದ್ದ ಅಜ್ಜಿಗೆ ಈಗ ಮನೆಯ ಜಗಲಿಯೇ ಊರಿನ ಗಡಿ. ಆ ಸ್ಲ್ಯಾಬನ್ನು ಯಾರು ಹಾಕಿದರು, ಯಾರ ಕಾಲದಲ್ಲಿ ಹಾಕಿದರು ಎಂದು ಇಲ್ಲಿ ಬರೆದು ಯಾರ ಮೇಲೂ ದೂರು ಹೊರಿಸುವುದು ನನ್ನ ಉದ್ದೇಶವಲ್ಲ. ಅಂಥ ಕೊಕ್ಕೆಗಳು ನಾಡಿನ ತುಂಬ ಇವೆ. ಕೊಕ್ಕೆಯನ್ನು ಕೂಡಿಸುವಾಗ ಸುತ್ತಲೂ ಒಂದು ಬಟ್ಟಲಿನಷ್ಟು ತಗ್ಗು ಬಿಟ್ಟು, ಕೊಕ್ಕೆ ಅದರೊಳಗೇ ಅಡಗುವಂತೆ ಮಾಡಬಹುದಾಗಿತ್ತು. ಅದಕ್ಕೆ ತಗಲುವ ಖರ್ಚು ಸೊನ್ನೆ.

“ಹಳ್ಳಿಗೆ ಫುಟ್‌ಪಾತು ಏಕೆ? ಅದು ಬೆಂಗಳೂರಿನ ಮಾತು” ಎಂದು ವಾದಿಸುವವರುಂಟು. ಊರೊಳಗಿನ ಮಣ್ಣಿನ ಓಣಿಗೆ ಬೇಡವೆಂದು ನಾನೂ ಒಪ್ಪುತ್ತೇನೆ. ಅಲ್ಲಿ ದನ, ಸೈಕಲ್ಲು, ಮಕ್ಕಳು ಎಲ್ಲವೂ ಒಂದೇ ವೇಗದಲ್ಲಿ ಸಾಗುತ್ತವೆ. ಆದರೆ ಹೆದ್ದಾರಿಯು ಊರಿನ ಹೊಟ್ಟೆಯನ್ನೇ ಸೀಳಿಕೊಂಡು ಹೋದಲ್ಲಿ, ಊರು ಹಳ್ಳಿಯಾದರೂ ರಸ್ತೆ ಹಳ್ಳಿಯದಲ್ಲ. ಪಟ್ಟಣದ ರಸ್ತೆಯಲ್ಲಿ ದೀಪಗಳೂ ಪೋಲೀಸರೂ ವಾಹನದ ವೇಗವನ್ನು ತಗ್ಗಿಸುತ್ತಾರೆ. ನಮ್ಮಲ್ಲಿ ಅದೂ ಇಲ್ಲ. ಹಾಗಿರುವಾಗ ಫುಟ್‌ಪಾತು ಹೆಚ್ಚು ಬೇಕಾದದ್ದು ಯಾರಿಗೆ?

ಕಾನೂನೂ ಈಗ ಕಾಲ್ನಡೆಯವರ ಪಕ್ಷದಲ್ಲಿದೆ. 2025ರ ಮೇ 14ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ತಕ್ಕ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ಹೇಳಿತು. ಆ ಮಾರ್ಗ ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂದೂ, ಅದರ ಮೇಲಿನ ಅತಿಕ್ರಮಣವನ್ನು ತೆಗೆಯಬೇಕೆಂದೂ ಹೇಳಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 103ನೆಯ ಸಂಖ್ಯೆಯ ಮಾರ್ಗಸೂಚಿಯು ಪಾದಚಾರಿಗಳ ಸೌಕರ್ಯಕ್ಕಾಗಿಯೇ ಇದೆ. ಕಂಬ, ಮರ, ಅಂಗಡಿಯ ಫಲಕ ಯಾವುದೂ ಅಡ್ಡ ಬರದ ಕನಿಷ್ಠ 1.8 ಮೀಟರು ಅಗಲ ಬೇಕೆನ್ನುತ್ತದೆ. ರಸ್ತೆಯಿಂದ ಅಂಚುಗಲ್ಲಿನ ಎತ್ತರ 150 ಮಿಲಿಮೀಟರು, ಎಂದರೆ ಒಂದು ಗೇಣಿಗಿಂತ ಕಡಿಮೆ, ಮೀರಬಾರದೆನ್ನುತ್ತದೆ. ಎರಡು ಅಡಿ ಎತ್ತರದ ಕಟ್ಟೆಯನ್ನು ಕಟ್ಟಿ ಫುಟ್‌ಪಾತೆಂದು ಕರೆದರೆ ಮುದುಕರು ಅದನ್ನು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ.

ಇರಲಿ. ಹಕ್ಕು ದೊರೆಯಿತು, ಹಣವೂ ದೊರೆಯಿತು ಎಂದೇ ಭಾವಿಸೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮಲ್ಲಿ ಹಾಕಿದ ಕಾಂಕ್ರೀಟು ಎರಡು ಮಳೆಗಾಲಕ್ಕೆ ಏಕೆ ಹುಡಿಯೇಳುತ್ತದೆ? ಅಮೇರಿಕದ ಓಹಾಯೋ ಸಂಸ್ಥಾನದ ಬೆಲ್‌ಫೌಂಟನ್ ಎಂಬ ಚಿಕ್ಕ ಪಟ್ಟಣದಲ್ಲಿ 1891ರಲ್ಲಿ ಹಾಕಲಾರಂಭಿಸಿದ ಕಾಂಕ್ರೀಟು ಬೀದಿಯು ನೂರು ವರ್ಷ ದಾಟಿದ ಮೇಲೂ ಉಳಿದಿದೆ. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಕಲ್ಲನ್ನೇ ಸೀಳುತ್ತದೆ. ಆದ್ದರಿಂದ “ನಮ್ಮ ಮಳೆಗೆ ಯಾವುದೂ ನಿಲ್ಲದು” ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವುದು ನಿಜ. ಆದರೆ ಒಳ್ಳೆಯ ಕಾಂಕ್ರೀಟಿಗೆ ನೀರು ವೈರಿಯಲ್ಲ. ನೀರನ್ನು ಯಾವಾಗ ಕೊಟ್ಟೆವೆಂಬುದರಲ್ಲಿ ಎಲ್ಲವೂ ಇದೆ.

ನನ್ನ ಮಾವ ಇದನ್ನು ಒಂದು ಮಾತಿನಲ್ಲಿ ಹೇಳುತ್ತಾರೆ: “ತಮಾ, ಕಲಸುವಾಗ ನೀರಿಗೆ ಜಿಪುಣನಾಗಬೇಕು, ಹಾಕಿದ ಮೇಲೆ ಧಾರಾಳಿಯಾಗಬೇಕು. ನಮ್ಮ ಜನ ತಿರುಗಾಮುರುಗಾ ಮಾಡ್ತರು.” ಮಾವ ಓದಿದ್ದು ಏಳನೆಯ ಇಯತ್ತೆ. ಆದರೆ 1918ರಲ್ಲಿ ಡಫ್ ಅಬ್ರಾಮ್ಸ್ ಎಂಬ ಅಮೇರಿಕದ ಸಂಶೋಧಕನು ಪ್ರಕಟಿಸಿದ ನಿಯಮದ ಅರ್ಧವೆಲ್ಲ ಆ ಮಾತಿನಲ್ಲಿದೆ. ಸಿಮೆಂಟಿಗೆ ಹೋಲಿಸಿದರೆ ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂಬುದೇ ಆ ನಿಯಮ. ಸಿಮೆಂಟು ಗಟ್ಟಿಯಾಗುವಾಗ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ನೀರಿನೊಡನೆ ಮಾತ್ರ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ಮಿಕ್ಕ ನೀರು ಕಲಸುವ ಅನುಕೂಲಕ್ಕೆ. ಅದು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳಲ್ಲಿ ಮಳೆಯೂ ಇಳಿಯುತ್ತದೆ, ಕಡಲ ಗಾಳಿಯ ಉಪ್ಪೂ ಇಳಿಯುತ್ತದೆ.

ಕಾಂಕ್ರೀಟಿನ ಬಗೆಗೆ ಭಾರತೀಯ ಮಾನಕ 456 ಎಂಬ ಸಂಹಿತೆಯೊಂದಿದೆ. 2000ನೆಯ ಇಸವಿಯಲ್ಲಿ ಅದನ್ನು ಪರಿಷ್ಕರಿಸಿದರು. ಕಡಲ ತೀರದ ಹವೆಯನ್ನು ಅದು ‘ತೀವ್ರ’ವೆಂಬ ವರ್ಗಕ್ಕೆ ಸೇರಿಸಿದೆ. ಅಲ್ಲಿ ಸರಳಿಲ್ಲದ ಸಾದಾ ಕಾಂಕ್ರೀಟು ಕೂಡ ಎಂ–20 ದರ್ಜೆಗಿಂತ ಕಡಿಮೆಯಿರಬಾರದು. ನೀರು ಸಿಮೆಂಟಿನ ತೂಕದ ಅರ್ಧವನ್ನು ಮೀರಬಾರದು. ಲೆಕ್ಕ ಸುಲಭವಾಗಿದೆ. ಐವತ್ತು ಕಿಲೋ ಚೀಲವೊಂದಕ್ಕೆ ನೀರು ಇಪ್ಪತ್ತೈದು ಲೀಟರು. ಮರಳು ಒದ್ದೆಯಾಗಿದ್ದರೆ ಅದರೊಳಗೇ ಚೀಲವೊಂದರ ಲೆಕ್ಕಕ್ಕೆ ಮೂರು ನಾಲ್ಕು ಲೀಟರು ನೀರು ಅಡಗಿರಬಹುದು, ಅದನ್ನೂ ಕಳೆಯಬೇಕು. ಆದರೆ ನಮ್ಮಲ್ಲಿ ನೀರನ್ನು ಅಳೆದು ಹಾಕುವವರನ್ನು ನೋಡಿದವರು ಎಷ್ಟು ಮಂದಿ? ಪೈಪನ್ನು ಮಿಕ್ಸರಿನ ಬಾಯಿಗಿಟ್ಟು ಗಂಜಿಯಂತಾಗುವವರೆಗೆ ಬಿಡುತ್ತಾರೆ. ಗಂಜಿ ಬೇಗ ಹರಡುತ್ತದೆ. ಕೂಲಿ ಬೇಗ ಮುಗಿಯುತ್ತದೆ. ಮೇಲೆ ತೇಲಿಬಂದ ನೀರನ್ನು ಆರಿಸಲು ಒಣ ಸಿಮೆಂಟನ್ನು ಉದುರಿಸಿ ಕರಣೆಯಿಂದ ತಿಕ್ಕಿ ಕನ್ನಡಿಯಂತೆ ಮಾಡುತ್ತಾರೆ. ನೋಡಿದವರು ತಲೆದೂಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಆ ಕನ್ನಡಿಯು ಹಪ್ಪಳದಂತೆ ಏಳುತ್ತದೆ.

ನಮ್ಮ ಕಡೆಗೆ ಕನ್ನಡಿಯಂಥ ನೆಲವು ಅಪಾಯವೂ ಹೌದು. ಆಷಾಢದ ಮಳೆಗೆ ಅದರ ಮೇಲೆ ಹಾವಸೆ ಕಟ್ಟಿದರೆ ಎಳೆಯರೂ ಜಾರಿ ಬೀಳುತ್ತಾರೆ. ಕಾಂಕ್ರೀಟು ಇನ್ನೂ ಹಸಿಯಿರುವಾಗ ಗಡುಸಾದ ಕಸಬರಿಗೆಯಿಂದ ಅಡ್ಡಡ್ಡಲಾಗಿ, ಎಂದರೆ ನಡೆಯುವ ದಿಕ್ಕಿಗೆ ಅಡ್ಡವಾಗಿ, ಗೆರೆಯೆಳೆದರೆ ಕಾಲಿಗೆ ಹಿಡಿತ ಸಿಗುತ್ತದೆ. ಐವತ್ತು ಅಂಗುಲಕ್ಕೆ ಒಂದು ಅಂಗುಲದಂತೆ ಗಟಾರದ ಕಡೆಗೆ ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ. ನೀರು ನಿಲ್ಲದಲ್ಲಿ ಹಾವಸೆಯೂ ಬೇಗ ಕಟ್ಟದು.

ಅಡಿಪಾಯದ ಮಾತೂ ಹೀಗೆಯೇ. ಹೆದ್ದಾರಿಯ ಬದಿಗೆ ಹಲವು ಕಡೆ ಗದ್ದೆಯನ್ನು ತುಂಬಿ ನೆಲ ಮಾಡಿದ್ದಾರೆ. ಗದ್ದೆಯ ಮಣ್ಣು ಮಳೆಗೆ ಮೆತ್ತಗಾಗಿ ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಕಪ್ಪು ಮಣ್ಣನ್ನು ತೆಗೆದು, ಗಟ್ಟಿ ಜಂಬಿಟ್ಟಿಗೆಯ ಮಣ್ಣನ್ನೋ ಜಲ್ಲಿಯನ್ನೋ ಅರ್ಧ ಅಡಿಯ ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಅದರ ಮೇಲೆ ನಡೆಯುವವರಿಗೆ ನಾಲ್ಕು ಅಂಗುಲ ದಪ್ಪದ ಕಾಂಕ್ರೀಟು ಸಾಕು; ಮನೆ, ಅಂಗಡಿಗಳಿಗೆ ವಾಹನ ಹತ್ತಿ ಇಳಿಯುವಲ್ಲಿ ಆರು ಅಂಗುಲ ಬೇಕು. ಕಾಂಕ್ರೀಟು ಆರುವಾಗ ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ. ಇದನ್ನು ತಡೆಯಲಾಗದು, ಆದರೆ ಎಲ್ಲಿ ಸೀಳಬೇಕೆಂದು ನಾವು ನಿಶ್ಚಯಿಸಬಹುದು. ಐದಾರು ಅಡಿಗೊಂದರಂತೆ, ದಪ್ಪದ ಕಾಲು ಭಾಗದಷ್ಟು ಆಳದ ಗೆರೆ ಕೊಯ್ದರೆ ಸೀಳು ಆ ಗೆರೆಯೊಳಗೇ ಅಡಗುತ್ತದೆ. ಗೆರೆ ಕೊಯ್ಯದಿದ್ದರೆ ಅದು ತನ್ನ ಇಷ್ಟದಂತೆ ಹಾವಿನ ಹಾಗೆ ಹರಿದು ಹೋಗುತ್ತದೆ.

ಗಟಾರದ ಸ್ಲ್ಯಾಬಿನ ಕಥೆ ಬೇರೆ. ಅದರೊಳಗೆ ಕಬ್ಬಿಣದ ಸರಳುಂಟು. ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ. ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಆದ್ದರಿಂದ ನಮ್ಮಂಥ ಕಡಲ ತೀರದಲ್ಲಿ ಸರಳಿನ ಹೊರಗೆ 45 ಮಿಲಿಮೀಟರು ಕಾಂಕ್ರೀಟಿನ ಹೊದಿಕೆ ಇರಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಕಡಲ ದಂಡೆಯ ಮರಳನ್ನು ಬಳಸಿದರಂತೂ ಉಪ್ಪನ್ನು ನಾವೇ ಕೈಯಾರೆ ಒಳಗಿಟ್ಟಂತೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿಯದು. ಸ್ಲ್ಯಾಬಿನ ಮೇಲೆ ಭಾರ ಬಿದ್ದಾಗ ಅದರ ಕೆಳಮೈ ಹಿಗ್ಗುತ್ತದೆ. ಅದಕ್ಕಾಗಿ ಸರಳನ್ನು ಕೆಳಮೈಯ ಕಡೆಗೆ ಇಟ್ಟಿರುತ್ತಾರೆ. ಗಟಾರವನ್ನು ಚೊಕ್ಕಟ ಮಾಡಲು ಸ್ಲ್ಯಾಬನ್ನು ಎತ್ತಿದವರು ಮಗುಚಿ ಹಾಕಿದರೆ ಸರಳು ಮೇಲೆ ಬರುತ್ತದೆ. ಅಂಥ ಸ್ಲ್ಯಾಬು ಒಂದು ದಿನ, ಯಾರದೋ ಕಾಲ ಕೆಳಗೆ, ನಡುವೆಯೇ ಮುರಿಯುತ್ತದೆ. ಎರಕ ಹೊಯ್ಯುವಾಗಲೇ ‘ಮೇಲೆ’ ಎಂಬ ಎರಡಕ್ಷರವನ್ನು ಅದರ ಮೇಲೆ ಗೀರಿಟ್ಟರೆ ಈ ತಪ್ಪು ಆಗದು.

ಇಷ್ಟನ್ನೂ ಸರಿಯಾಗಿ ಮಾಡಿ ಕಡೆಯದೊಂದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಆ ಕಡೆಯದೇ ನೀರು ಬಿಡುವುದು, ಕ್ಯೂರಿಂಗು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಜನರ ನಂಬಿಕೆ. ಅದು ಒಣಗಿ ಗಟ್ಟಿಯಾಗುವುದಲ್ಲ, ಒದ್ದೆಯಿದ್ದು ಗಟ್ಟಿಯಾಗುವುದು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಏಳು ದಿನ, ಬೂದಿಯನ್ನೋ ಕುಲುಮೆಯ ಕಿಟ್ಟವನ್ನೋ ಬೆರೆಸಿದ ಸಿಮೆಂಟಿಗೆ ಕನಿಷ್ಠ ಹತ್ತು ದಿನ ಅದನ್ನು ಬಿಡದೆ ಒದ್ದೆಯಿಡಬೇಕು. ಈಗ ಅಂಗಡಿಯಲ್ಲಿ ಸಿಗುವ ಚೀಲಗಳಲ್ಲಿ ಬಹಳಷ್ಟು ಎರಡನೆಯ ಬಗೆಯವು. ಹತ್ತು ದಿನ ನೀರು ಹಾಕುವ ಒಬ್ಬ ಆಳಿನ ಕೂಲಿಯನ್ನು ಉಳಿಸಲು ಇಡೀ ಕಾಮಗಾರಿಯ ಹಣವನ್ನು ಮಣ್ಣುಗೂಡಿಸುವುದೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವೆಂಬ ಗಾದೆಯನ್ನು ಇಲ್ಲಿ ನೆನೆಯದೆ ಇರಲಾಗದು.

ಇಲ್ಲಿಯೇ ನನ್ನ ಮುಖ್ಯ ಸಲಹೆಯಿದೆ. ಸರಕಾರದ ಹಣಕಾಸಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದ್ದರಿಂದ ಕಾಮಗಾರಿಗಳೆಲ್ಲ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಅವಸರವಸರವಾಗಿ ನಡೆಯುತ್ತವೆ. ಆಗ ಬಿಸಿಲು ಏರುತ್ತಿರುತ್ತದೆ, ಬಾವಿ ಇಳಿಯುತ್ತಿರುತ್ತದೆ. ಕುಡಿಯುವ ನೀರಿಗೇ ತಾಪತ್ರಯವಿರುವಾಗ ಕಾಂಕ್ರೀಟಿಗೆ ಯಾರು ಹತ್ತು ದಿನ ನೀರು ಹೊತ್ತಾರು? ಇದರ ಬದಲು ಮಳೆ ಹಿಂದೆಗೆದ ಮೇಲೆ, ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಈ ಕೆಲಸವನ್ನು ಏಕೆ ಮಾಡಬಾರದು? ಬಾವಿಗಳಲ್ಲಿ ನೀರಿರುತ್ತದೆ, ಹಳ್ಳಗಳು ಹರಿಯುತ್ತಿರುತ್ತವೆ, ಬಿಸಿಲು ಹಿತವಾಗಿರುತ್ತದೆ. ಗದ್ದೆಯ ಕೊಯ್ಲಾಗಿ ಹುಲ್ಲು ಮನೆಮನೆಯಲ್ಲಿರುತ್ತದೆ. ಕಾಂಕ್ರೀಟಿನ ಮೇಲೆ ಹುಲ್ಲನ್ನೋ ಗೋಣಿಯನ್ನೋ ಹಾಸಿ, ಬೆಳಿಗ್ಗೆ ಸಂಜೆ ನೋಡಿಕೊಂಡು ಆರಗೊಡದೆ ತೋಯಿಸಿದರೆ ಸಾಕು. ಪಂಚಾಂಗ ನೋಡಿ ಬಿತ್ತುವ ನಮಗೆ, ಋತು ನೋಡಿ ದಾರಿ ಹಾಕುವುದು ತಿಳಿಯದೇ?

ಕಾಂಕ್ರೀಟು ಹಾಸಿದರೆ ಮಳೆ ನೀರು ಭೂಮಿಗೆ ಇಳಿಯುವುದಿಲ್ಲವೆಂಬ ಆಕ್ಷೇಪಣೆಯೂ ಇದೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಅದಕ್ಕೇ ಗೋಡೆಯಿಂದ ಗೋಡೆಯವರೆಗೆ ಹಾಸಬೇಕೆಂದು ನಾನು ಹೇಳುತ್ತಿಲ್ಲ. ಆರಡಿ ದಾರಿ ನಡೆಯಲು. ಅದರ ಪಕ್ಕಕ್ಕೆ ಮಣ್ಣಿನ ಪಟ್ಟಿ, ಅದರಲ್ಲಿ ಹೊನ್ನೆಯೋ ಹೊಂಗೆಯೋ ನಿಲ್ಲಲಿ. ನೆರಳಿಲ್ಲದ ದಾರಿ ಏಪ್ರಿಲ್ ತಿಂಗಳಲ್ಲಿ ಯಾರಿಗೂ ಬೇಡ. ಇಂಟರ್‌ಲಾಕ್ ಇಟ್ಟಿಗೆ ಚೆಂದವೆನ್ನುವವರೂ ಇದ್ದಾರೆ. ಅಡಿಪಾಯ ಗಟ್ಟಿಯಿದ್ದು ಅಂಚು ಭದ್ರವಾಗಿದ್ದರೆ ಅದೂ ಒಳ್ಳೆಯದೇ. ಅಡಿಪಾಯ ಸಡಿಲವಾದರೆ ಮಾತ್ರ ಒಂದೊಂದು ಇಟ್ಟಿಗೆಯೂ ಒಂದೊಂದು ಬಲೆ.

“ಹೆದ್ದಾರಿ ನಮ್ಮದಲ್ಲ” ಎಂದು ಪಂಚಾಯತಿ, “ಊರೊಳಗಿನ ಸೌಕರ್ಯ ನಮ್ಮದಲ್ಲ” ಎಂದು ಹೆದ್ದಾರಿಯವರು ಎಂದರೆ, ಕಾಲ್ನಡೆಯವನು ಇಬ್ಬರ ನಡುವಿನ ಗಟಾರದಲ್ಲಿ ಬೀಳುತ್ತಾನೆ. ಆದ್ದರಿಂದ ಕೇಳುವವರು ನಾವೇ ಆಗಬೇಕು. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆ ಕೂಡುತ್ತದೆ. ಅಲ್ಲಿ ನಮ್ಮಂಥ ವಿದ್ಯಾರ್ಥಿಗಳು ಕಾಣುವುದೇ ಅಪರೂಪ. 2005ರ ಮಾಹಿತಿ ಹಕ್ಕು ಕಾಯಿದೆಯು ಕಡತವನ್ನು ಓದುವ ಹಕ್ಕನ್ನು ಮಾತ್ರವಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಹಕ್ಕನ್ನೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ನಮಗೆ ಕೊಟ್ಟಿದೆ. ಈ ಹಕ್ಕನ್ನು ಜಗಳಕ್ಕಾಗಿ ಬಳಸಬೇಕಾಗಿಲ್ಲ. ನೀರನ್ನು ಅಳೆದು ಹಾಕಿದರೇ, ಗೆರೆ ಕೊಯ್ದರೇ, ಹತ್ತು ದಿನ ಒದ್ದೆಯಿಟ್ಟರೇ ಎಂದು ಊರಿನ ನಾಲ್ಕು ಮಂದಿ ಬಂದು ನಿಂತು ನೋಡಿದರೆ ಅರ್ಧ ಕೆಲಸ ತಾನೇ ನೆಟ್ಟಗಾಗುತ್ತದೆ. ನೋಡುವವರಿದ್ದಲ್ಲಿ ಒಳ್ಳೆಯ ಕೆಲಸಗಾರನಿಗೂ ಉತ್ಸಾಹ ಬರುತ್ತದೆಂದು ಮಾವ ಹೇಳುವುದುಂಟು. ಕೆಟ್ಟ ಕೆಲಸ ಮಾಡಲು ಯಾವ ಗೌಂಡಿಗೂ ಮನಸ್ಸಿರುವುದಿಲ್ಲ. ಅವಸರ ಪಡಿಸುವವರು ಬೇರೆ ಇರುತ್ತಾರೆ.

ನಾವು ಸ್ಮಾರಕಗಳನ್ನು ಕಟ್ಟುತ್ತೇವೆ. ಸ್ವಾಗತದ ಕಮಾನುಗಳನ್ನು ಎಬ್ಬಿಸುತ್ತೇವೆ. ಅವು ನಿಂತು ನೋಡುವಂಥವು. ಆರಡಿ ಅಗಲದ ಕಾಲುದಾರಿಯನ್ನು ಉದ್ಘಾಟಿಸಲು ದೊಡ್ಡವರಾರೂ ಬರಲಿಕ್ಕಿಲ್ಲ. ಆದರೂ ಒಂದು ಊರು ತನ್ನ ಮುದುಕರನ್ನೂ ಮಕ್ಕಳನ್ನೂ ಹೇಗೆ ನೋಡಿಕೊಳ್ಳುತ್ತದೆಂದು ತಿಳಿಯಬೇಕಾದರೆ ಅದರ ಕಮಾನನ್ನು ನೋಡಬೇಕಾಗಿಲ್ಲ. ಅದರ ರಸ್ತೆಯ ಅಂಚನ್ನು ನೋಡಿದರೆ ಸಾಕು.

ಈ ವರ್ಷ ನಮ್ಮ ವಾರ್ಡಿನಲ್ಲಿ ಅಂಥ ಕೆಲಸವೇನಾದರೂ ನಡೆದರೆ ಆ ಹತ್ತು ದಿನ ಬೆಳಗಿನ ನೀರು ನಾನು ಹಾಕುತ್ತೇನೆಂದು ಮನೆಯಲ್ಲಿ ಹೇಳಿದ್ದೇನೆ. ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ ಕೇಳಿಸಿಕೊಂಡು, “ಸಂಜೆಯದು ಯಾರು ಹಾಕೂದು?” ಎಂದರು. ಆ ಪ್ರಶ್ನೆಯನ್ನು ನನ್ನ ಸಹಪಾಠಿಗಳ ಮುಂದಿಟ್ಟು ಈ ಲೇಖನವನ್ನು ಮುಗಿಸುತ್ತೇನೆ.